ಹಿಂದಿನ ಕಾರ್ಬ್ಯುರೇಟರ್

ಕಾರಿನಲ್ಲಿ ಕೂತಾಗ ಮಾತ್ರ ಪ್ರಾಣೇಶರು ಹೆಂಡತಿಯ ಮಾತಿಗೆ ಉತ್ತರ ಕೊಡುತ್ತಿದ್ದರು.

ಮೃಣಾಲಿನಿ ಈ ತೀರ್ಮಾನಕ್ಕೆ ಬಂದು ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅಲ್ಲ ಅದು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ಮನೆಯಲ್ಲಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಗ "ಚಹಾ ಮಾಡ್ಲೇನು?" ಎಂದರೆ ಪೇಪರಿನಿಂದ ತಲೆ ಎತ್ತುವುದಿಲ್ಲ. ಅದೇ ಮನುಷ್ಯ ಹಸಿರು ಕಾರಿನ ಸ್ಟಿಯರಿಂಗ್ ಹಿಡಿದರೆ, ಗಾಳಿ, ಎಂಜಿನ್ನು, ಪಕ್ಕದಲ್ಲಿ ಹಾಯುವ ಲಾರಿ, ಇಷ್ಟರ ನಡುವೆಯೂ ಅವಳು ಆಡಿದ ಒಂದು ಮಾತೂ ತಪ್ಪುವುದಿಲ್ಲ. ಅವಳು ಮಾಡಿಕೊಂಡ ಅರ್ಥ ಸರಳವಾಗಿತ್ತು: ಅವರ ಮನಸ್ಸು ಇರುವುದು ಕಾರಿನಲ್ಲಿ. ತಾನೂ ಹೋಗಿ ಅದರಲ್ಲಿ ಕೂತರೆ ತನ್ನ ಪಾಲಿಗೂ ಒಂದಿಷ್ಟು ಸಿಗುತ್ತದೆ. ಹಾಗಾಗಿ ರವಿವಾರ ಬಂತೆಂದರೆ, ವಾರವಿಡೀ ಕಾಲೇಜಿನ ಗ್ರಂಥಾಲಯದಲ್ಲಿ ನಿಂತು ದಣಿದ ಕಾಲುಗಳನ್ನು ಎಳೆದುಕೊಂಡು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಸವಣೂರ ಖಾರಾದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಅವಳೂ ಶಿಗ್ಗಾಂವಿಗೆ ಹೊರಡುತ್ತಿದ್ದಳು.

ಕಾರು ಎಂದರೆ ಎರಡೇ ಸೀಟಿನ ಎಂ.ಜಿ. ಮಿಡ್ಜೆಟ್. ಅರವತ್ನಾಲ್ಕನೇ ಇಸವಿಯದು. ಹುಬ್ಬಳ್ಳಿಯ ಹಳೇ ಬಂಗಲೆಯೊಂದರ ಶೆಡ್ಡಿನಲ್ಲಿ, ಸೀಟಿನ ಮೇಲೆ ಕೋಳಿ ಕಾವು ಕೂತಿದ್ದ ಸ್ಥಿತಿಯಲ್ಲಿ ಸಿಕ್ಕಿತ್ತು. ಪ್ರಾಣೇಶರು ಆಗ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಪಾಠ ಹೇಳುತ್ತಿದ್ದರು. ಒಂಬತ್ತು ವರ್ಷ, ಒಂದೊಂದು ರವಿವಾರ ಕೂಡಿಸಿ ಅದನ್ನು ಎಬ್ಬಿಸಿದರು. ಮೊದಲ ಸಲ ಎಂಜಿನ್ ಚಾಲೂ ಆದ ದಿನ ಅವರು ಕಣ್ಣೊರೆಸಿಕೊಂಡದ್ದನ್ನು ಅವಳು ಅಡಿಗೆಮನೆಯ ಕಿಟಕಿಯಿಂದ ನೋಡಿದ್ದಳು. ಅವರಿಗೆ ತಿಳಿಯದಂತೆ ನೋಡುವುದು ಅವಳ ಅಭ್ಯಾಸ.

"ಈಗಿನ ಕಾರಿನ ಬಾನೆಟ್ ಎತ್ತಿದ್ರ ಒಂದು ಕರೇ ಪ್ಲಾಸ್ಟಿಕ್ ಮುಚ್ಚಳ ಕಾಣ್ತದ," ಎನ್ನುತ್ತಿದ್ದರು ಪ್ರಾಣೇಶರು, ಬಂದವರಿಗೆಲ್ಲ. "ಇದನ್ನ ನೋಡು. ಗಾಳಿ ಎಲ್ಲಿಂದ ಒಳಗ ಬರ್ತದ, ಹೊಗಿ ಎಲ್ಲಿಂದ ಹೊರಗ ಹೋಗ್ತದ, ಎಲ್ಲಾ ಬೆರಳ ಹಚ್ಚಿ ತೋರಸಬಹುದು. ಕಟ್ಟಿದಾಂವಗ ನಾಚಿಕಿ ಇರಲಿಲ್ಲ, ಮುಚ್ಚಿಡಲಿಲ್ಲ."

ಶಿಗ್ಗಾಂವಿಯಲ್ಲಿ ಹೈವೇ ಪಕ್ಕಕ್ಕೆ ಮುಜಾಫರನ ಗ್ಯಾರೇಜು. ಮುಜಾಫರ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಣೇಶರ ವಿದ್ಯಾರ್ಥಿ. ಟ್ರ್ಯಾಕ್ಟರು, ಟಂಟಂ ರಿಕ್ಷಾ ಎಲ್ಲ ರಿಪೇರಿ ಮಾಡಿದರೂ ಅವನ ಹೆಸರು ಇದ್ದದ್ದು ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ. ತಿಂಗಳಿಗೆರಡು ರವಿವಾರ ಹಾನಗಲ್ಲು, ಹಿರೇಕೆರೂರು, ಹುಬ್ಬಳ್ಳಿ ಕಡೆಯಿಂದ ಆರೇಳು ಮಂದಿ ತಮ್ಮ ಹಳೇ ಗಾಡಿ ತಂದು ಅಲ್ಲಿ ನಿಲ್ಲಿಸಿ, ಒಬ್ಬರ ಬಾನೆಟ್ಟಿನೊಳಗೆ ಒಬ್ಬರು ಇಣುಕಿ, ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಮೃಣಾಲಿನಿಗೆ ಮೊದಮೊದಲು ಇದು ಗಂಡಸರ ಹರಟೆಯಾಗಿ ಕಂಡಿತ್ತು. ಆಮೇಲೆ ಗಮನಿಸಿದಳು, ಅವರು ಮಾತನಾಡುವುದೇ ಕಡಿಮೆ. ಒಂದು ಸೈಲೆನ್ಸರಿನ ಕೊಳವೆ ನಾಲ್ಕು ಬಾಯಿಂದ ಬಂದು ಒಂದಾಗುವ ತಿರುವನ್ನು ಹತ್ತು ನಿಮಿಷ ನೋಡಿ, "ಏನ್ ತಿರುವಿ ಮಾಡ್ಯಾನ ನೋಡಲೇ!" ಎಂದು ಉಸಿರು ಬಿಡುತ್ತಿದ್ದರು. ಅಷ್ಟೆ.

ಅಲ್ಲಿ ಒಂದು ರೂಢಿ ಬೆಳೆದಿತ್ತು. ದೂರದ ದಾರಿಗೆ ಹೊರಡುವ ಗಾಡಿಗೆ ಪ್ರಾಣೇಶ ಸರ್ ಕಿವಿ ಕೊಡಬೇಕು. ಈ ಹಳೇ ಎಂಜಿನ್ನುಗಳಿಗೆ ಕಾರ್ಬ್ಯುರೇಟರ್ ಎರಡು, ಮುಂದೊಂದು ಹಿಂದೊಂದು. ಎಂಜಿನ್ನು ಗಾಳಿ ಎಳೆದುಕೊಳ್ಳುವ ಎರಡು ಮೂಗಿನ ಹೊಳ್ಳೆಗಳಿದ್ದಂತೆ. ಎರಡೂ ಸಮನಾಗಿ ಎಳೆಯಬೇಕು. ಸಮನಾಗಿದೆಯೋ ಇಲ್ಲವೋ ಎಂಬುದನ್ನು ಅವುಗಳ ಬಾಯಲ್ಲಿ ಹುಟ್ಟುವ ಸುಯ್ ಎಂಬ ಸದ್ದಿನಿಂದ ತಿಳಿಯಬೇಕು. ಉಳಿದವರು ಒಂದು ರಬ್ಬರ್ ಕೊಳವೆ ಹಿಡಿದು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಕಿವಿ ಹಚ್ಚುತ್ತಾರೆ. ಪ್ರಾಣೇಶರು ತಮ್ಮ ಅಣ್ಣ, ಡಾಕ್ಟರ್ ಅನಂತ ಬಿಟ್ಟುಹೋದ ಸ್ಟೆತಸ್ಕೋಪಿನ ಎದೆಗೆ ಹಚ್ಚುವ ಬಿಲ್ಲೆ ಕತ್ತರಿಸಿ, ಎರಡೂ ಕಿವಿಗೆ ಬೇರೆಬೇರೆ ಕೊಳವೆ ಜೋಡಿಸಿಕೊಂಡಿದ್ದರು. ಎಡಗಿವಿಗೆ ಮುಂದಿನದು, ಕೆಂಪು ಟೇಪು ಸುತ್ತಿದ್ದು. ಬಲಗಿವಿಗೆ ಹಿಂದಿನದು. ಇಪ್ಪತ್ತು ವರ್ಷದಿಂದ ಹಾಗೆಯೇ. ಕೊಳವೆ ಹಚ್ಚಿ ಕಣ್ಣು ಮುಚ್ಚಿದರೆಂದರೆ ಗ್ಯಾರೇಜಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಚಹಾದ ಕಪ್ಪು ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ಸ್ಕ್ರೂ ಒಂದಿಷ್ಟು ತಿರುವಿ, ಮತ್ತೊಂದಿಷ್ಟು ತಿರುವಿ, ಕೊನೆಗೆ ಹಣೆಯ ನಡುವೆ ಬೆರಳಿಟ್ಟು, "ಕೂಡ್ತು," ಎನ್ನುತ್ತಿದ್ದರು. ಎರಡು ಸದ್ದೂ ಕೂಡಿ ಅಲ್ಲಿ ನಿಂತವು ಎಂದು ಅರ್ಥ.

ಆ ರವಿವಾರವೂ ಹಾಗೇ ಆಯಿತು. ಹಿರೇಕೆರೂರಿನ ಬೀಜದ ವ್ಯಾಪಾರಿ ಶಂಭುಲಿಂಗನ ಕೆಂಪು ಸ್ಪಿಟ್‌ಫೈರ್ ಕಾರು ಕಾರವಾರಕ್ಕೆ ಹೊರಟು ನಿಂತಿತ್ತು. ಮುಜಾಫರ ನಾಲ್ಕು ತಿಂಗಳು ಕೂತು ಅದರ ಎಂಜಿನ್ನನ್ನು ಹೊಸದಾಗಿ ಕಟ್ಟಿಕೊಟ್ಟಿದ್ದ.

"ಸರ್, ನಮ್ಮ ಹುಡುಗಿ ನಾಡಿ ನೋಡ್ರಿ, ಊರಿಗೆ ಹೊಂಟಾಳ," ಎಂದ ಶಂಭುಲಿಂಗ.

ತಿಳವಳ್ಳಿಯ ಮಹಾಂತೇಶ ಬಿಡಲಿಲ್ಲ. "ಹುಡುಗಿ ಹೆಂಗಾರ ಹೊಕ್ಕಾಳ ಬಿಡ್ರಿ ಸಾವಕಾರ್ರ, ನೀವು ಆ ಸೀಟಿನ್ಯಾಗ ಹಿಡೀತೀರೋ ಇಲ್ಲೋ ಮೊದಲ ನೋಡ್ಕೋರಿ."

ಪ್ರಾಣೇಶರು ಕಿವಿ ಕೊಟ್ಟರು. ಕೂಡಿತು ಎಂದರು. ಶಂಭುಲಿಂಗ ಅಲ್ಲಿಂದಲೇ ಗೇರು ಹಾಕಿಕೊಂಡು ಹೋದ. ತಮ್ಮ ಹಸಿರು ಕಾರಿಗೂ ಕಿವಿ ಕೊಟ್ಟು, ಮೇಲಿನ ಕ್ಯಾನ್ವಾಸ್ ಟಾಪಿನ ಹೊಲಿಗೆ ಬಿಟ್ಟಿದೆಯೆಂದು ಅದನ್ನು ಅಲ್ಲೇ ಬಿಟ್ಟು, ಗಂಡ ಹೆಂಡತಿ ಬಸ್ಸಿನಲ್ಲಿ ಸವಣೂರಿನ ಮನೆಗೆ ಬಂದರು.

ಸೋಮವಾರ ಮರಳಿ ಬರುವಾಗ ಅರಬೈಲ ಘಟ್ಟದ ಏರಿನಲ್ಲಿ ಸ್ಪಿಟ್‌ಫೈರ್ ನೀಲಿ ಹೊಗೆ ಉಗುಳಿ ನಿಂತಿತು. ಲಾರಿಯ ಮೇಲೆ ಹೇರಿಕೊಂಡು ಶಿಗ್ಗಾಂವಿಗೆ ತರಬೇಕಾಯಿತು. ಆ ರಾತ್ರಿಯೇ ಹಳೇ ಗಾಡಿಯವರ ವಾಟ್ಸ್ಯಾಪ್ ಗುಂಪಿನಲ್ಲಿ ಶಂಭುಲಿಂಗ ಬರೆದ: "ಮುಜಾಫರ ಕಟ್ಟಿದ ಎಂಜಿನ್ ಮುನ್ನೂರು ಕಿಲೋಮೀಟರ್ ಬಾಳಲಿಲ್ಲ. ಬರೋ ರವಿವಾರ ಎಲ್ಲಾರ ಮುಂದ ಬಿಚ್ಚೂಣು. ಅಲ್ಲೀತನಕ ಯಾರೂ ಅವನ ಕೈಯಾಗ ಗಾಡಿ ಕೊಡಬ್ಯಾಡ್ರಿ."

ಮುಜಾಫರ ಉತ್ತರ ಬರೆಯಲಿಲ್ಲ. ಅದು ಮೃಣಾಲಿನಿಗೆ ವಿಚಿತ್ರವೆನಿಸಿತು. ತಪ್ಪು ಮಾಡಿದವರು ಏನಾದರೂ ಬರೆಯುತ್ತಾರೆ.

ಬುಧವಾರ ದುಂಡಸಿಯಲ್ಲಿ ಸಂಬಂಧಿಕರ ಮನೆಯ ಕಾರ್ಯ ಮುಗಿಸಿಕೊಂಡು ಬಂದವಳು, ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ಇಳಿದು, ಟಾಪಿನ ಹೊಲಿಗೆ ಎಲ್ಲಿಗೆ ಬಂತೆಂದು ಕೇಳಲು ಗ್ಯಾರೇಜಿಗೆ ನಡೆದಳು. ಒಳಗೆ ಸ್ಪಿಟ್‌ಫೈರ್ ಟಾರ್ಪಾಲು ಹೊದ್ದು ನಿಂತಿತ್ತು. ಹುಬ್ಬಳ್ಳಿಯವರ ಎರಡು ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ. ಮುಜಾಫರ ಅವಳಿಗೆ ಬೆನ್ನು ಮಾಡಿ, ಹಸಿರು ಕಾರಿನ ಎಂಜಿನ್ನಿಗೆ ಬಾಗಿ, ಸ್ಕ್ರೂಡ್ರೈವರಿನಿಂದ ಏನನ್ನೋ ಅರ್ಧ ಸುತ್ತು ತಿರುವಿದ.

"ಏನ್ ಮಾಡ್ಲಿಕ್ಕತ್ತೀ ಮುಜಾಫರ?"

ಅವನು ಬೆಚ್ಚಿ ತಿರುಗಿದ. "ಏನಿಲ್ರಿ ಬಾಯಾರ. ಸುಮ್ನ ನೋಡಾಕತ್ತಿದ್ದೆ."

"ಅದನ್ನ ರವಿವಾರ ಸರ್ ಕೂಡಿಸಿ ಹೋಗ್ಯಾರಲ್ಲ?"

"ಹೌದ್ರಿ."

ಇಪ್ಪತ್ತೆಂಟು ವರ್ಷ ಗ್ರಂಥಾಲಯ ನೋಡಿಕೊಂಡವಳು. ಅಂಗಿಯೊಳಗೆ ಪುಸ್ತಕ ಇಟ್ಟುಕೊಂಡವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಏನೂ ಕೇಳದೆ ನಿಂತಳು. ನಿಂತರೆ ಸಾಕು, ಹೇಳುತ್ತಾರೆ.

ಮುಜಾಫರ ಕೈಯೊರೆಸಿಕೊಂಡ. "ಹ್ವಾದ ವರ್ಷ ದಸರಾದ ಮುಂದಿಂದರಿ. ಸರ್ ಪ್ರತಿಸಲ ಹಿಂದಿನ ಕಾರ್ಬ್ಯುರೇಟರ್ ಜಾಸ್ತಿ ತೆರೀತಾರ. ಅವರು ಹ್ವಾದಮ್ಯಾಲ ನಾ ಅರ್ಧ ಸುತ್ತು ಹಿಂದಕ್ಕ ತಿರವತೇನಿ. ಎಲ್ಲಾರ ಗಾಡಿದೂ."

"ಪ್ರತಿಸಲಾನೂ ಹಿಂದಿಂದ?"

"ಹಿಂದಿಂದರಿ. ಮುಂದಿಂದು ಮುಟ್ಟೂ ಪ್ರಸಂಗ ಒಂದ ದಿನ ಬಂದಿಲ್ಲ."

"ಶಂಭುಲಿಂಗ ಅವರ ಗಾಡಿ?"

"ಅವರು ಬಿಡಬೇಕಲ್ರಿ! ಸರ್ ಕೂಡ್ತು ಅನ್ನೂದಕ್ಕ ಗಾಡಿ ಹೊರಗ ಬಿತ್ತು. ಘಟ್ಟದಾಗ ಹಿಂದಿನ ಎರಡ ಸಿಲಿಂಡರ ಪೂರಾ ಭಾರ ಹೊತ್ತಾವ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಕಾದು ಪಿಸ್ಟನ್ ಸುಟ್ಟು ತೂತು ಬಿದ್ದಿರತೈತಿ. ಬೇಕಾದ್ರ ನೋಡ್ರಿ, ಬಿಚ್ಚಿದಾಗ ತೂತು ಹಿಂದಿಂದರಾಗ ಸಿಗತೈತಿ."

"ಮತ್ತ ಗುಂಪಿನ್ಯಾಗ ಯಾಕ ಬರೀಲಿಲ್ಲ ನೀ?"

"ಏನಂತ ಬರೀಲಿರಿ? ನನಗ ನಟ್ಟು ಬಿಚ್ಚೂ ಪಾನ ಹಿಡಿಯಾಕ ಕಲಿಸಿದವರು ಅವರು. ನಿಮ್ಮ ಕಿವಿ ಹೋಗೈತ್ರಿ ಸರ್ ಅಂತ ಊರಿಗೆಲ್ಲಾ ಸಾರಲೇನು?" ಎಂದವನು ತನ್ನ ಮಾತಿಗೆ ತಾನೇ ಹೆದರಿದಂತೆ ಹೊರಗೆ ನೋಡಿದ. "ಸರ್‌ಗೆ ಹೇಳಬ್ಯಾಡ್ರಿ ಬಾಯಾರ," ಎಂದ.

ಹಿಂದಿನ ಮನೆಯಿಂದ ಅವನ ತಾಯಿ ಹುಸೇನಬಿ ಚಹಾ ತಂದಳು. "ನೀವಾರ ಹೇಳ್ರಿ ಬಾಯಿ, ಎರಡ ದಿನ ಆತು, ಮುರಕ ರೊಟ್ಟಿ ತಿಂದು ಏಳತಾನ. ಹುಬ್ಬಳ್ಳಿಯವರು ಬಂದು ಎರಡೂ ಗಾಡಿ ಎಳಕೊಂಡು ಹ್ವಾದ್ರು. ಇವ ಒಂದ ಮಾತ ಆಡಲಿಲ್ಲ ನೋಡ್ರಿ. ಮೂಕಬಸಪ್ಪನಂಗ ನಿಂತಿದ್ದ."

ಸವಣೂರಿನ ಬಸ್ಸಿನಲ್ಲಿ ಮೃಣಾಲಿನಿ ಕಿಟಕಿಗೆ ತಲೆಯಾನಿಸಿ ಕೂತಳು. ಯಾವಾಗಲೂ ಹಿಂದಿನದೇ. ಹಿಂದಿನದು ಬಲಗಿವಿ. ಬಲಗಿವಿಗೆ ಸದ್ದು ಕಡಿಮೆ ಬಿದ್ದರೆ, ಅದನ್ನು ಎಡಕ್ಕೆ ಸಮ ಮಾಡಲು ಹಿಂದಿನದನ್ನು ತೆರೆಯುತ್ತ ಹೋಗುತ್ತಾರೆ. ಅವರ ಹಣೆಯ ನಡುವೆ ಕೂಡುತ್ತದೆ, ಎಂಜಿನ್ನಿನಲ್ಲಿ ಕೂಡುವುದಿಲ್ಲ. ಇಷ್ಟು ಹೊಳೆದಾಗ ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು. ಉಳಿದ ಅರ್ಧ ದಾರಿಯಲ್ಲಿ ಅವಳಿಗೆ ಬೇರೆಯದೊಂದು ಹೊಳೆಯತೊಡಗಿತು. ಮಗಳ ಫೋನು ಬಂದರೆ ಅವರು ಈಚೆಗೆ ಎಡಗೈಯಲ್ಲೇ ಹಿಡಿಯುತ್ತಾರೆ. ಕಾರಿನಲ್ಲಿ ಸ್ಟಿಯರಿಂಗು ಬಲಕ್ಕೆ, ತಾನು ಎಡಕ್ಕೆ.

ಮರುದಿನ ಅವಳು ಪರೀಕ್ಷೆ ಮಾಡಿದಳು. ಬೆತ್ತದ ಕುರ್ಚಿಯ ಎಡಕ್ಕೆ ಕಿಟಕಿಯ ಗೋಡೆ. ತಲೆಯ ಮೇಲೆ ಫ್ಯಾನು ಕಿರುಗುಡುತ್ತಿತ್ತು. ಬಲಗಡೆ ಬಂದು ನಿಂತು, ಗ್ರಂಥಾಲಯದಲ್ಲಿ ರೂಢಿಯಾದ ತನ್ನ ಸಣ್ಣ ದನಿಯಲ್ಲಿ, "ಚಹಾ ಮಾಡ್ಲೇನು?" ಎಂದಳು. ಪೇಪರು ಅಲುಗಲಿಲ್ಲ. ಪರದೆ ಸರಿಪಡಿಸುವ ನೆವ ಮಾಡಿ, ಕುರ್ಚಿ ಮತ್ತು ಗೋಡೆಯ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ತೂರಿ, ಅದೇ ದನಿಯಲ್ಲಿ ಅದೇ ಮಾತು ಹೇಳಿದಳು.

"ಮಾಡು. ಸಕ್ಕರಿ ಕಮ್ಮಿ," ಎಂದರು ಪ್ರಾಣೇಶರು.

ಅವಳು ಪರದೆ ಹಿಡಿದುಕೊಂಡೇ ನಿಂತಳು. ಸಂತೋಷವಾಗಬೇಕಿತ್ತು. ಎರಡು ವರ್ಷದ ಊಟದ ಹೊತ್ತುಗಳು ಒಂದೊಂದಾಗಿ ನೆನಪಿಗೆ ಬಂದವು. ತಾನು ಹೇಳಿದ್ದು, ಅವರು ಎದ್ದು ಹೋದದ್ದು, ತಾನು ಬಾಯಿ ಬಿಗಿದುಕೊಂಡದ್ದು. ಇಷ್ಟು ದಿನ ಹೊತ್ತ ಗಂಟು ಖಾಲಿಯಿತ್ತೆಂದು ತಿಳಿದರೂ ಹೆಗಲ ನೋವು ಹಾಗೇ ಇತ್ತು. ಚಹಾ ಮಾಡಿದಳು. ಸಕ್ಕರೆ ಹಾಕುವುದನ್ನು ಪೂರ್ತಿ ಮರೆತಳು.

ಹೇಳುವುದು ಹೇಗೆ? ಶುಕ್ರವಾರ ಒಂದು ವಾಕ್ಯ ಕಟ್ಟಿದಳು, ಕೆಡವಿದಳು. ನಿವೃತ್ತಿಯಾದ ಮೇಲೆ ಜನ ಅವರ ಬಳಿ ಬರುತ್ತಿದ್ದದ್ದು ಆ ಕಿವಿಗಾಗಿ. ಅದನ್ನು ಕಿತ್ತುಕೊಳ್ಳುವ ಕೈ ತನ್ನದಾಗಬೇಕೇ? ಹೇಳದಿದ್ದರೆ ಮುಜಾಫರ ಮುಳುಗುತ್ತಾನೆ. ಅವನ ಕಸುಬಿನ ಮರ್ಯಾದೆ ಆ ರವಿವಾರದ ಮೇಲೆ ನಿಂತಿತ್ತು. ಅಷ್ಟರಲ್ಲಿ ಶನಿವಾರ ಊಟಕ್ಕೆ ಕೂತಾಗ ಪ್ರಾಣೇಶರೇ ಮಾತು ತೆಗೆದರು.

"ನಾಳೆ ನಾ ಖರೇನ ಹೇಳಾಂವ. ಶಿಷ್ಯ ಅಂತ ಮುಚ್ಚಿಡೂದು ಸರಿ ಅಲ್ಲ. ಪಿಸ್ಟನ್ ರಿಂಗ್ ಕೂಡಸೂದ್ರಾಗ ಅವಸರ ಮಾಡ್ಯಾನ ಅವ. ನನ್ನ ಮಾತಿಗೆ ಎಲ್ಲಾರೂ ಬೆಲಿ ಕೊಡ್ತಾರ, ನಾನ ಸುಳ್ಳ ಹೇಳಿದ್ರ ಹೆಂಗ?"

ಅವಳ ಕೈಯ ತುತ್ತು ತಟ್ಟೆಗೆ ಮರಳಿತು. ಅವರು ನ್ಯಾಯವಂತರು. ನ್ಯಾಯವಂತರಾಗಿಯೇ ಹುಡುಗನ ಕುತ್ತಿಗೆ ಕೊಯ್ಯಲು ಹೊರಟಿದ್ದರು.

ರವಿವಾರ ಬೆಳಿಗ್ಗೆ ಹಸಿರು ಕಾರು ಸವಣೂರು ದಾಟಿತು. ಮುಜಾಫರ ಗುರುವಾರವೇ ಅದನ್ನು ತಂದು ಮುಟ್ಟಿಸಿದ್ದ. ಎಲೆಬಳ್ಳಿಯ ತೋಟಗಳು ಹಿಂದಾದವು. ಗೋವಿನಜೋಳದ ಹೊಲಗಳ ನಡುವೆ ರಸ್ತೆ ನೆಟ್ಟಗಾದ ಮೇಲೆ ಎಂಜಿನ್ನಿನ ದನಿ ಒಂದೇ ಹದಕ್ಕೆ ಬಂದಿತು. ಎಲ್ಲೂ ತೊದಲದೆ, ಏರಿನಲ್ಲೂ ಗಂಟಲು ಕಟ್ಟದೆ.

"ಕೇಳು," ಎಂದರು ಪ್ರಾಣೇಶರು, ಕಣ್ಣಲ್ಲಿ ಹೊಳಪು. "ಹೆಂಗ ಓಡ್ಲಿಕ್ಕತ್ತದ ನೋಡು. ಹ್ವಾದ ರವಿವಾರ ಕೂಡಿಸಿದ್ದು."

ಅವಳು ಹೂಂ ಎಂದಳು. ಇಲ್ಲಿ ಹೇಳಬಹುದಿತ್ತು. ಇಲ್ಲಿ ಅವರಿಗೆ ಪ್ರತಿ ಅಕ್ಷರ ಕೇಳುತ್ತಿತ್ತು. ಮೂರು ಸಲ ಬಾಯಿ ತೆರೆದಳು.

"ಏನೋ ಅನ್ನಾಕಿದ್ದೀಯಲ್ಲ?"

"ಏನಿಲ್ಲ. ಟ್ರ್ಯಾಕ್ಟರ್ ಬಂತು, ನೋಡ್ಕೋರಿ."

ಗ್ಯಾರೇಜಿನಲ್ಲಿ ಆಗಲೇ ಎಲ್ಲರೂ ನೆರೆದಿದ್ದರು. ಸ್ಪಿಟ್‌ಫೈರಿನ ಬಾನೆಟ್ ಸಮೇತ ಇಡೀ ಮುಂಭಾಗ ಮುಚ್ಚಳದಂತೆ ಮುಂದಕ್ಕೆ ಮಗುಚಿತ್ತು. ಮುಜಾಫರ ಅದರ ಟೈರಿನ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಮಹಾಂತೇಶನೊಡನೆ ಎತ್ತಿ ಎಂಜಿನ್ನಿನ ತಲೆಯನ್ನು ಕೆಳಗಿಟ್ಟ. ಎಲ್ಲರೂ ಬಾಗಿದರು. ನಾಲ್ಕು ಪಿಸ್ಟನ್ನುಗಳಲ್ಲಿ ತೀರಾ ಹಿಂದಿನದರ ನೆತ್ತಿಯಲ್ಲಿ ಕಡಲೆಕಾಳು ಹೋಗುವಷ್ಟು ತೂತು, ಅಂಚು ಕರಗಿ ಮೆತ್ತಗಾಗಿತ್ತು.

"ನೋಡ್ರಿ ಸರ್!" ಶಂಭುಲಿಂಗನ ಮುಖ ಕೆಂಪಗಾಯಿತು. "ಕೂಸಿನ ಕಿವಿ ಚುಚ್ಚಿದಂಗ ಚುಚ್ಚ್ಯಾನ. ನಾಲ್ಕ ತಿಂಗಳ ಕಟ್ಟ್ಯಾನ್ರಿ ಇದನ್ನ. ನಾಲ್ಕ ತಿಂಗಳು! ಇವನಕಿಂತ ನಮ್ಮೂರ ಕಮ್ಮಾರ ಅಡ್ಡಿಯಿಲ್ಲ."

"ಸಾವಕಾರ್ರ, ಸಮಾಧಾನ," ಎಂದ ಮಹಾಂತೇಶ.

"ಏನ್ ಸಮಾಧಾನಲೇ? ಘಟ್ಟದಾಗ ರಾತ್ರಿತನಕ ಮಂಗ್ಯಾನ ಕೂಡ ಕುಂತಾಂವ ನಾನು. ಸರ್, ನೀವ ಹೇಳ್ರಿ. ನೀವ ಹೇಳಿದ್ರ ಮುಗೀತು."

ಪ್ರಾಣೇಶರು ತೂತಿನ ಅಂಚನ್ನು ಬೆರಳಿನಿಂದ ಸವರಿ, ನೆಟ್ಟಗೆ ನಿಂತರು. "ಮುಜಾಫರ. ನಾ ನಿನಗ ಏನು ಕಲಿಸಿದ್ದೆ?"

ಮುಜಾಫರ ಕೈಯಲ್ಲಿದ್ದ ಪಾನವನ್ನು ಅರಿವೆಯಿಂದ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ರೀ," ಎಂದಳು ಮೃಣಾಲಿನಿ. ಅವರ ಎಡಕ್ಕೆ ಬಂದು ನಿಂತಿದ್ದಳು. "ಬರೂವಾಗ ನಮ್ಮ ಕಾರು ಒಂಚೂರು ಜಗ್ಗಿದಂಗ ಆತು. ಮೊದಲ ಅದಕ್ಕ ಕೊಳವಿ ಹಚ್ಚಿ ನೋಡ್ರಿ."

"ಈಗ? ಜಗ್ಗಲಿಲ್ಲಲ್ಲ?"

"ನನಗ ಜಗ್ಗಿತು."

"ವೈನಿಯವರೂ ಕಿವಿ ಕೊಡಾಕತ್ರಪೋ!" ಎಂದು ಯಾರೋ ನ‌ಕ್ಕರು. ಬಿಗಿದಿದ್ದ ಗಾಳಿ ತುಸು ಸಡಿಲಾಯಿತು. ಪ್ರಾಣೇಶರು ಹೆಂಡತಿಯನ್ನು ಒಂದು ಕ್ಷಣ ನೋಡಿದರು. ಇಷ್ಟು ದಿನದಲ್ಲಿ ಅವಳು ಗ್ಯಾರೇಜಿನಲ್ಲಿ ಏನನ್ನೂ ಕೇಳಿದವಳಲ್ಲ. ಮಹಾಂತೇಶ ಹಸಿರು ಕಾರಿನ ಎಂಜಿನ್ ಚಾಲೂ ಮಾಡಿದ. ಅವರು ಕೊಳವೆ ಹಚ್ಚಿ ಕಣ್ಣು ಮುಚ್ಚಿದರು. ಎಲ್ಲರೂ ರೂಢಿಯಂತೆ ಸುಮ್ಮನಾದರು.

"ಹಿಂದಿಂದು ಇಳದದ," ಎಂದರು. "ಮತ್ತ ಇಳದದ ನೋಡು." ಸ್ಕ್ರೂಡ್ರೈವರಿಗೆ ಕೈ ಚಾಚಿದರು.

ಮೃಣಾಲಿನಿ ಅವರ ಮುಂಗೈ ಹಿಡಿದಳು. ಅಷ್ಟು ಜನರ ಎದುರಿಗೆ. "ತಡೀರಿ. ಸ್ಕ್ರೂ ಮುಟ್ಟಬ್ಯಾಡ್ರಿ. ಕೊಳವಿ ಅಷ್ಟ ಬದಲ ಮಾಡ್ಕೋರಿ. ಎಡಗಿವಿದು ಬಲಕ್ಕ, ಬಲದ್ದು ಎಡಕ್ಕ."

"ಯಾಕ?"

"ನಾ ಹೇಳ್ತೇನಂತ."

ಅವರು ನಕ್ಕರು, ಹೆಂಡತಿಯ ಮಾತು ನಡೆಸಿಕೊಡುವ ಗಂಡನ ನಗು. ಸ್ಟೆತಸ್ಕೋಪನ್ನು ತೆಗೆದು, ತಿರುಗಿಸಿ, ಮತ್ತೆ ಹಾಕಿಕೊಂಡರು. ಕೆಂಪು ಟೇಪು ಈಗ ಬಲಗಡೆ ಬಂತು. ಕಣ್ಣು ಮುಚ್ಚಿದರು. ನಗು ತುಟಿಯ ಮೇಲೆ ಇನ್ನೂ ಇತ್ತು. ಆಮೇಲೆ ಅದು ಹೋಯಿತು.

"ಈಗ ಮುಂದಿಂದು ಕಮ್ಮಿ ಅದ," ಎಂದರು.

ಯಾರೂ ಏನನ್ನೂ ಮುಟ್ಟಿರಲಿಲ್ಲ. ಎಂಜಿನ್ನು ಮೊದಲಿನಂತೆಯೇ, ಒಂದೇ ದನಿಯಲ್ಲಿ ನಡೆಯುತ್ತಿತ್ತು. ಪ್ರಾಣೇಶರು ಕೊಳವೆಯನ್ನು ಮತ್ತೆ ತಿರುಗಿಸಿ ಹಾಕಿಕೊಂಡರು. ಹಿಂದಿನದು ಕಡಿಮೆ. ತಿರುಗಿಸಿದರು. ಮುಂದಿನದು. ನಾಲ್ಕು ಸಲ ಮಾಡಿದರು, ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಮಾಡಿ ತೋರಿಸುವಷ್ಟೇ ನಿಧಾನವಾಗಿ. ಕೊನೆಯ ಸಲ ಅವರ ಕೈ ಕಿವಿಯ ಬಳಿಯೇ ನಿಂತಿತು. ಮೃಣಾಲಿನಿಗೆ ನೋಡಲಾಗಲಿಲ್ಲ. ಆದರೂ ನೋಡಿದಳು. ತಾನೇ ಮಾಡಿದ್ದು.

"ಬಂದ್ ಮಾಡು," ಎಂದರು. ಮಹಾಂತೇಶ ಕೀಲಿ ತಿರುವಿದ.

"ಶಂಭುಲಿಂಗ, ರಿಂಗ್ ಸರಿ ಅವ. ಮುಜಾಫರ ಎಂಜಿನ್ ಸರಿನ ಕಟ್ಯಾನ. ಕೆಡಿಸಿದಾಂವ ನಾ." ದನಿ ಬೇಕಿದ್ದಕ್ಕಿಂತ ದೊಡ್ಡದಾಗಿತ್ತು. ಹೈವೇ ಕಡೆ ಹೊರಟಿದ್ದವನೊಬ್ಬ ತಿರುಗಿ ನೋಡಿದ. "ನನ್ನ ಬಲಗಿವಿ ಹೋಗ್ಯದ. ಹಿಂದಿಂದು ನನಗ ಕೇಳಸಲಿಲ್ಲ, ಅದಕ್ಕ ತೆರೀಕೋತ ಹ್ವಾದೆ."

"ಏ, ಬಿಡ್ರಿ ಸರ್, ಹಂಗ್ಯಾಕ ಅಂತೀರಿ," ಎಂದ ಶಂಭುಲಿಂಗ. ಅವನ ಸಿಟ್ಟು ನಿಲ್ಲಲು ಜಾಗವಿಲ್ಲದೆ ತಡವರಿಸಿತು. "ವಯಸ್ಸಾದಮ್ಯಾಲ ಎಲ್ಲಾರ್ದೂ ಒಂದೊಂದು ಸ್ಪೇರ್ ಪಾರ್ಟ್ ಹೊಕ್ಕಾವ. ನಂದ ನೋಡ್ರಿ, ಮೊಣಕಾಲು..."

"ಬಿಡೂದಲ್ಲ. ಗುಂಪಿನ್ಯಾಗ ಬರೀರಿ. ನೀವು ಬರೀತೀರೋ, ನಾ ಬರೀಲೋ?"

ಶಂಭುಲಿಂಗ ಫೋನು ತೆಗೆದು, ದಪ್ಪ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದ. ಒತ್ತಿದ್ದನ್ನು ಮಹಾಂತೇಶನಿಗೆ ತೋರಿಸಿದ. ಅವನು "ಮುಜಾಫರನ ತಪ್ಪಿಲ್ಲ ಅನ್ನೂದು ಮೊದಲ ಬರ್ಲಿ," ಎಂದ. ಮತ್ತೆ ಒತ್ತಿದ. ಹುಬ್ಬಳ್ಳಿಯವರು ಗಾಡಿ ಮರಳಿ ತರುತ್ತಾರೋ ಇಲ್ಲವೋ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಪ್ರಾಣೇಶರು ಮುಜಾಫರನ ಕಡೆ ತಿರುಗಿದರು. "ನಾ ಪ್ರತಿಸಲ ಬಂದಾಗ ಹಿಂದಿಂದು ಇಳದಿರ್ತಿತ್ತು. ಸ್ಕ್ರೂ ತಾನ ತಿರುಗೂದಿಲ್ಲ. ಎಷ್ಟು ದಿನ ಆತು?"

ಮುಜಾಫರ ಪಾನ ಕೆಳಗಿಟ್ಟ. "ಚಹಾ ಆರಾಕತ್ತೈತಿ ಕುಡೀರಿ ಸರ್," ಎಂದ.

ಅವರು ಕುಡಿದರು. ಹೊರಡುವಾಗ ಸ್ಟೆತಸ್ಕೋಪನ್ನು ಗೋಡೆಯ ಮೊಳೆಗೆ, ಫ್ಯಾನ್ ಬೆಲ್ಟುಗಳ ಜೊತೆ ತೂಗುಹಾಕಿದರು. ಮುಜಾಫರ ಅದನ್ನು ತೆಗೆದುಕೊಂಡು ಕಾರಿನ ತನಕ ಬಂದ.

"ನಿನ್ನ ಹತ್ರ ಇರ್ಲಿ. ನಿನಗ ಬೇಕಾಗೂದಿಲ್ಲ, ಗೊತ್ತದ. ಆದ್ರೂ ಇರ್ಲಿ."

ಮರಳುವ ದಾರಿ ಹಿಡಿದರು. ಬಿಸಿಲು ಏರಿತ್ತು. ಕಾರು ಬೆಳಿಗ್ಗೆಯಷ್ಟೇ ಚೆಂದವಾಗಿ ಓಡುತ್ತಿತ್ತು, ಅದನ್ನು ಈಗ ಯಾರೂ ಹೊಗಳಲಿಲ್ಲ. ಮೃಣಾಲಿನಿ ಸ್ಕಾರ್ಫಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅವರ ಮೌನ ಸಿಟ್ಟಿನದೋ, ದಣಿವಿನದೋ ಎಂದು ಮುಖ ನೋಡಿ ತಿಳಿಯಲು ಯತ್ನಿಸಿದಳು.

"ನಿನಗ ಯಾವಾಗ ಗೊತ್ತಾತು?"

"ಬುಧವಾರ."

"ಮನ್ಯಾಗ ಯಾಕ ಹೇಳಲಿಲ್ಲ?"

ಸ್ವಲ್ಪ ದೂರ ಹೋದ ಮೇಲೆ ಅವರೇ ಅಂದರು, "ಮನ್ಯಾಗ ನೀ ನನ್ನ ಕೂಡ ಮಾತು ಬಿಟ್ಟೀ ಅಂತ ತಿಳದಿದ್ದೆ ನಾ. ರಿಟೈರ್ ಆಗಿ ಕೂತಾಂವ, ಬ್ಯಾಸರ ಬಂದಿರಬೇಕು ಇಕಿಗೆ ಅಂತ. ಕಾರಿನ್ಯಾಗ ಮಾತ್ರ ಮಾತಾಡ್ತೀ, ಅಷ್ಟಾದ್ರೂ ಇರ್ಲಿ ಅಂತ ಪ್ರತಿ ರವಿವಾರ ಕಾರು ತಗೀತಿದ್ದೆ."

ಮೃಣಾಲಿನಿ ರಸ್ತೆಯನ್ನೇ ನೋಡಿದಳು. ಗೋವಿನಜೋಳದ ಸಾಲುಗಳು ಹಿಂದಕ್ಕೆ ಓಡುತ್ತಿದ್ದವು. "ನಾ ದಿನಾ ಮಾತಾಡೇನಿ," ಎಂದಳು.

"ಏನೇನ್ ಅಂದಿ?"

"ಏನೋಪಾ. ಚಹಾ ಮಾಡ್ಲೇನು ಅಂದೆ. ಬಚ್ಚಲಮನಿ ನಲ್ಲಿ ಸೋರ್ತದ ಅಂದೆ. ಹುಣಸಿಹಣ್ಣು ತಗೊಂಡ ಬರ್ರಿ ಅಂದೆ."

"ಮತ್ತ?"

"ಒಂದ ದಿನ ಹೇಳಿದ್ದೆ, ನನಗ ಒಮ್ಮೊಮ್ಮೆ ಭಾಳ ಅಂಜಿಕಿ ಆಗ್ತದ ಅಂತ. ನೀವು ಪೇಪರ್ ಮಗುಚಿ ಹಾಕಿದ್ರಿ."

ಪ್ರಾಣೇಶರು ಗೇರು ಇಳಿಸಿದರು, ಊರು ಬಂದಿತ್ತು.

ಮನೆಯ ಅಂಗಳದಲ್ಲಿ ಎಂಜಿನ್ನು ಆರಿಸಿದರು. ಅವಳು ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಅವರು ಇಳಿಯುವ ಲಕ್ಷಣ ಕಾಣಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲೆ ಹಾಗೇ ಇದ್ದವು.

"ಒಳಗ ಹ್ವಾದ್ರ, ನೀ ನನ್ನ ಎಡಕ್ಕ ಬರೂಹಂಗ ಕುರ್ಚಿ ಸರಸಬೇಕು," ಎಂದರು. "ಅದರ ಹಿಂದ ನನ್ನ ಪುಸ್ತಕದ ಟ್ರಂಕ್ ಅದ, ಅದನ್ನೂ ಎತ್ತಬೇಕು. ಇವತ್ತ ಆಗೂದಿಲ್ಲ ನನ್ನ ಕಡಿಂದ. ನಾಳೆ ಸರಸೂಣು, ಹುಬ್ಬಳ್ಳಿಗೆ ಡಾಕ್ಟರ ಕಡೆನೂ ನಾಳೆನ ಹೋಗೂಣು. ಈಗ ಇಲ್ಲೇ ಹೇಳು."

"ಏನ್ ಹೇಳ್ಲಿ?"

"ಎರಡು ವರ್ಷ ಅಂದದ್ದು."

ಬಾನೆಟ್ಟಿನ ಕೆಳಗೆ ಬಿಸಿ ಕಬ್ಬಿಣ ತಣಿಯುತ್ತ ಟಿಕ್, ಟಿಕ್ ಎನ್ನುತ್ತಿತ್ತು. ಅದು ಅವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ಅವಳು ಯೋಚಿಸಿದಳು. ಕೇಳಲು ಹೋಗಲಿಲ್ಲ. ಹಿಡಿಕೆಯಿಂದ ಕೈ ತೆಗೆದು ಸೀಟಿಗೆ ಒರಗಿದಳು. ಎಲ್ಲಿಂದ ಸುರುಮಾಡಬೇಕೆಂದು ತಿಳಿಯಲಿಲ್ಲ.

"ಬಚ್ಚಲಮನಿ ನಲ್ಲಿ," ಎಂದಳು, "ಇನ್ನೂ ಸೋರ್ತದರೀ."